ಮೊಳೆಗೆ ಸಿಕ್ಕಿಸಿದ ರಾಜೀನಾಮೆ

ಮೊನ್ನೆ ನನ್ನ ಸರ್ಟಿಫಿಕೇಟಿನ ಗಾಜು ಒಡೆಯಿತು. ಗೋಡೆಗೆ ಒರಗಿಸಿಟ್ಟಿದ್ದನ್ನು ನಾನೇ ಎಡವಿ ಒದ್ದೆ, ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಸೊರಬದ ಬಸ್ ನಿಲ್ದಾಣದ ಹತ್ತಿರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಗೆ ಒಯ್ದು ಕೊಟ್ಟೆ. ಅಂಗಡಿಯವನು ಎರಡೂ ಕೈಯಲ್ಲಿ ಬಲು ಜೋಪಾನವಾಗಿ ತೆಗೆದುಕೊಂಡ. ಮೂಲೆಯಲ್ಲಿ ತಲೆತುಂಬ ಕೂದಲಿದ್ದ ಕಾಲದ ನನ್ನ ಫೋಟೋ. ಅದರ ಹಣೆಯ ನೇರಕ್ಕೆ, ಗಾಜಿನ ಸಂದಿಯಿಂದ ಕಾಗದಕ್ಕೆ ಇಳಿದ ಕುಂಕುಮದ ಕಲೆ. ಅವನು ಫೋಟೋ ನೋಡಿದ, ನನ್ನ ಬೋಳು ತಲೆ ನೋಡಿದ, ದನಿ ತಗ್ಗಿಸಿದ.

“ಯಾವಾಗ ತೀರಿಕೊಂಡ್ರು ಮಾರಾಯ್ರೇ? ಸಣ್ಣ ಪ್ರಾಯ ಕಾಣ್ತದೆ.”

“ಇನ್ನೂ ಇಲ್ಲ” ಎಂದೆ. ಅವನಿಗೆ ನಗು ಬರಲಿಲ್ಲ.

ನೀವೂ ನಗಬೇಡಿ. ಬದುಕಿರುವಾಗಲೇ ಮೂರು ವರ್ಷ ದಿನಾ ಊದುಬತ್ತಿ ಬೆಳಗಿಸಿಕೊಂಡ ಫಾರ್ಮಸಿಸ್ಟ್ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಔಷಧಿ ಅಂಗಡಿ ನಡೆಸಬೇಕಾದರೆ ಫಾರ್ಮಸಿ ಓದಿದವನೊಬ್ಬ ಅಂಗಡಿಯಲ್ಲಿರಬೇಕು, ಅವನ ನೋಂದಣಿ ಸರ್ಟಿಫಿಕೇಟು ಗೋಡೆಯ ಮೇಲಿರಬೇಕು. ಶಿರಾಳಕೊಪ್ಪದಲ್ಲಿ ನನಗೆ ಮೊದಲ ಕೆಲಸ ಕೊಟ್ಟ ಯಜಮಾನರು ಪಂಚಾಕ್ಷರಪ್ಪನವರು, ಈ ಕಾನೂನಿನ ಎರಡನೇ ಅರ್ಧವನ್ನು ಮಾತ್ರ ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದರು. ನನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗಣಪತಿಗೂ ಲಕ್ಷ್ಮಿಗೂ ನಡುವೆ ತೂಗುಹಾಕಿದ್ದರು. ಬೆಳಿಗ್ಗೆ ಶಿಕಾರಿಪುರದ ಮನೆಯಿಂದ ಬಂದವರೇ ಕೈಕಾಲು ತೊಳೆದು ಪೂಜೆಗೆ ನಿಲ್ಲುತ್ತಿದ್ದರು. ಗಣಪತಿಗೆ ಕುಂಕುಮ, ನನಗೆ ಕುಂಕುಮ, ಲಕ್ಷ್ಮಿಗೆ ಕುಂಕುಮ. ಮೂವರಿಗೂ ಸೇರಿ ಒಂದೇ ಊದುಬತ್ತಿ. ಕಣ್ಣುಮುಚ್ಚಿ ಕೈಮುಗಿದು, ಆಮೇಲೆ ಪಕ್ಕದಲ್ಲೇ ನಿಂತಿದ್ದ ನನ್ನ ಕಡೆ ತಿರುಗಿ, “ಇನ್ನಾ ಕಸ ಹೊಡೆದಿಲ್ಲೇನ್ರಿ?” ಎನ್ನುತ್ತಿದ್ದರು.

ಅಂಗಡಿಯಲ್ಲಿದ್ದದ್ದು ಒಂದೇ ಕುರ್ಚಿ, ಅದು ಅವರದು. ನನಗೂ ಒಂದು ಇದ್ದರೆ ಹೇಗೆ ಎಂದು ಒಮ್ಮೆ ಕೇಳಿದ್ದೆ. “ಕುಂತು ಔಷಧಿ ಕೊಟ್ರೆ ಗಿರಾಕಿಗೆ ಮರ್ಯಾದಿ ಕೊಟ್ಟಂಗಾಗಲ್ರಿ” ಎಂದರು, ಕೂತುಕೊಂಡೇ. ಮಧ್ಯಾಹ್ನ ಊಟಕ್ಕೆ, ನಿದ್ದೆಗೆ ಶಿಕಾರಿಪುರಕ್ಕೆ ಹೋಗುವಾಗ ಕುರ್ಚಿಯ ಮೇಲೆ ಟವೆಲ್ ಹಾಸಿ ಹೋಗುತ್ತಿದ್ದರು. ಸಾಯಂಕಾಲ ಬಂದಾಗ ಟವೆಲಿನ ಮಡಿಕೆ ಹಾಗೇ ಇದೆಯೇ ಎಂದು ನೋಡುತ್ತಿದ್ದರು. ನಾನೆಂಥ ಶೂರ ಎಂದರೆ, ಮೂರು ವರ್ಷದಲ್ಲಿ ಆ ಮಡಿಕೆಯನ್ನು ಒಂದು ದಿನವೂ ಕೆಡಿಸಲಿಲ್ಲ.

ಅಂಥದ್ದರಲ್ಲಿ ಸೊರಬದ ಒಂದು ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಜಾಗ ಖಾಲಿಯಾಯಿತು. ಹೋಗಿ ನೋಡಿ ಬಂದೆ. ಭಾನುವಾರ ರಜೆ, ಮೇಲೆ ಫ್ಯಾನು, ಮತ್ತೆ ಒಂದು ಕುರ್ಚಿ! ಸೋಮವಾರ ಅಸಲು ಸರ್ಟಿಫಿಕೇಟು ತಂದು ಸೇರಿಕೊಳ್ಳಿ, ಇಲ್ಲವಾದರೆ ಸಾಲಿನಲ್ಲಿ ಇನ್ನೊಬ್ಬರಿದ್ದಾರೆ ಎಂದರು. ನಾನು ಬುಧವಾರ ಯಜಮಾನರ ಮುಂದೆ ಕೈಕಟ್ಟಿ ನಿಂತೆ. ಅವರು ಗಲ್ಲಾದ ಡ್ರಾಯರಿನಿಂದ ಒಂದು ಛಾಪಾ ಕಾಗದ ತೆಗೆದರು. ಸೇರುವ ದಿನ ನಾನೇ ಸಹಿ ಹಾಕಿದ್ದು. ಓದದೆ ಸಹಿ ಹಾಕಿದ್ದೆ, ಮೊದಲ ಕೆಲಸ ಸಿಕ್ಕ ಸಂತೋಷದಲ್ಲಿ ಓದು ಬರಹ ಎರಡೂ ಮರೆತುಹೋಗಿತ್ತು.

“ಮೂರು ತಿಂಗ್ಳು ಮುಂಚೆ ಹೇಳ್ಬೇಕು ಅಂತ ಬರ್ದೈತಿ. ಬರ್ದ ಮ್ಯಾಲೆ ಮುಗೀತು. ಇಲ್ಲಾಂದ್ರೆ ನೀವು ಬೇಕಾರೆ ಹೋಗ್ರಿ, ನಾ ಏನ್ ನಿಮ್ಮನ್ನ ಕಟ್ಟಿಹಾಕಿಲ್ಲ. ಫ್ರೇಮು ಇಲ್ಲೇ ಇರ್ಲಿ.”

ನೋಡಿ, ಈ ಊರುಗಳಲ್ಲಿ ಮುಂಚಿತವಾಗಿ ಹೇಳಿ ಯಾವುದಾದರೂ ಆಗುತ್ತದೆಯೇ? ಕರೆಂಟು ಹೇಳಿ ಹೋಗುವುದಿಲ್ಲ. ನೆಂಟರು ಹೇಳಿ ಬರುವುದಿಲ್ಲ. ಬಂದವರು ಯಾವಾಗ ಹೊರಡುತ್ತಾರೆ ಎಂದೂ ಹೇಳುವುದಿಲ್ಲ. ನನ್ನ ಭಾನುವಾರದ ರಜೆಯನ್ನು ಇದೇ ಪಂಚಾಕ್ಷರಪ್ಪನವರು ಒಂದು ಶನಿವಾರ ಬೀಗ ಹಾಕುತ್ತಾ ರದ್ದು ಮಾಡಿದ್ದರು. ಮೂರು ತಿಂಗಳು ಮೊದಲೇ ಹೇಳಿ, ದಿನ ಎಣಿಸಿಕೊಂಡು, ನಗುಮುಖದಿಂದ ಹೊರಡಬೇಕಾದವನು ಇಡೀ ತಾಲ್ಲೂಕಿನಲ್ಲಿ ನಿಂತು ಕೆಲಸ ಮಾಡುವ ನಾನೊಬ್ಬನೇ. ಈ ಭಾಷಣವನ್ನು ಅವರ ಮುಂದೆ ಮಾಡಿದೆನೆಂದು ತಿಳಿಯಬೇಡಿ. “ಆಯ್ತು ಸಾಹುಕಾರ್ರೇ” ಎಂದು ಹೋಗಿ ಕೆಮ್ಮಿನ ಔಷಧಿಯ ಬಾಟಲಿಗಳ ಧೂಳು ಒರೆಸಿದೆ.

ಇಲ್ಲಿ ಹಾಲಮ್ಮನ ವಿಷಯ ಹೇಳಬೇಕು. ಹೇಳದೆ ಮುಗಿಸಿಬಿಡಲೇ ಎಂದು ಯೋಚಿಸಿದ್ದೂ ಉಂಟು. ಹಾಲಮ್ಮ ಸಂತೆಯಲ್ಲಿ ಸೊಪ್ಪು, ಹಸಿಮೆಣಸಿನಕಾಯಿ ಮಾರುತ್ತಿದ್ದಳು. ಒಂಟಿ ಹೆಂಗಸು, ಅರವತ್ತು ದಾಟಿರಬಹುದು. ರಕ್ತದೊತ್ತಡಕ್ಕೆ ಎರಡು ಬಗೆಯ ಮಾತ್ರೆ. ಸಂತೆಯ ದಿನ ಬಂದು ಒಂದು ವಾರಕ್ಕಾಗುವಷ್ಟು ಒಯ್ಯುತ್ತಿದ್ದಳು. ಓದಲು ಬಾರದು. ಅದಕ್ಕೆ ನಾನು ಬೆಳಗಿನ ಮಾತ್ರೆಯ ಕವರಿನ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ ಬರೆದು ಕೊಡುತ್ತಿದ್ದೆ. “ಇದೇನು ತಮ್ಮಾ, ಸೂರ್ಯನೋ ಚಕ್ಲಿನೋ?” ಎಂದು ಕೇಳುತ್ತಿದ್ದಳು. ಡಾಕ್ಟರು ಬರೆದ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಿದ್ದಳು, ಅದು ಹರಿದು ಚಿಂದಿಯಾಗುತ್ತಿತ್ತು. “ಕಳೆದುಹಾಕ್ತೀರಿ, ನನ್ ಹತ್ರ ಇರ್ಲಿ ತನ್ನಿ” ಎಂದು ಇಸಿದುಕೊಂಡು ಮಾತ್ರೆ ಡಬ್ಬಿಗಳ ಕೆಳಗಿನ ಡ್ರಾಯರಿನಲ್ಲಿಟ್ಟೆ. ಅವಳು ಕೇಳಿರಲಿಲ್ಲ, ನಾನೇ ಮಾಡಿದ ಉಪಕಾರ.

ಶನಿವಾರ ಮಧ್ಯಾಹ್ನ ಯಜಮಾನರು ಟವೆಲ್ ಹಾಸಿ ಹೋದರು. ನಾನು ಸ್ಟೂಲು ಹತ್ತಿದೆ. ಗಣಪತಿ, ಲಕ್ಷ್ಮಿ ನೋಡುತ್ತಿರುವಂತೆಯೇ ನನ್ನನ್ನು ನಾನೇ ಕಳ್ಳತನ ಮಾಡುತ್ತಿದ್ದೆ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. “ಏನ್ರಿ, ಸುಣ್ಣ ಹೊಡಿಸ್ತೀರೇನ್ರಿ?” ಎಂದ. ಹೌದು ಎಂದೆ. ಇಳಿದು ಅವನಿಗೆ ತಲೆನೋವಿನ ಮಾತ್ರೆ ಕೊಟ್ಟು ಮತ್ತೆ ಹತ್ತಿದೆ. ಖಾಲಿಯಾದ ಮೊಳೆಗೆ ನನ್ನ ಒಂದು ಸಾಲಿನ ರಾಜೀನಾಮೆ ಪತ್ರವನ್ನು ಸಿಕ್ಕಿಸಿದೆ. ನನ್ನ ಟಿಫಿನ್ ಕ್ಯಾರಿಯರ್, ಕೊಡೆ, ಬಾಚಣಿಗೆ, ಎರಡು ಪೆನ್ನು, ಎಲ್ಲ ಚೀಲಕ್ಕೆ ಹಾಕಿಕೊಂಡೆ. ಹಳೆಯ ಚಪ್ಪಲಿಯನ್ನು ಕೂಡ ಬಿಡಲಿಲ್ಲ. ಷಟರ್ ಎಳೆದು, ಕೀಲಿಕೈಯನ್ನು ಪಕ್ಕದ ಬೇಕರಿಯವರಿಗೆ ಕೊಟ್ಟು ಸೊರಬದ ಬಸ್ಸು ಹತ್ತಿದೆ.

ಸಾಯಂಕಾಲ ಫೋನು ಬಂತು. ಯಜಮಾನರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ಬಹಳ ವಿನಯದಿಂದ ಮಾತಾಡಿದರು. “ನೀವು ಅಲ್ಲೇ ಇರ್ರಿ, ನಮ್ದೇನೂ ಇಲ್ಲ. ಫ್ರೇಮ್ ಒಂದು ಬಸ್ಸಿನಾಗೆ ಕೊಟ್ಟು ಕಳಿಸ್ರಿ” ಎಂದರು.

ಮುಂದಿನ ಒಂದು ತಿಂಗಳು ನನ್ನ ಮೆರೆದಾಟ ಏನು ಕೇಳುತ್ತೀರಿ! ಕುರ್ಚಿಯಲ್ಲಿ ಒರಗಿ ಕೂತು ಸಿಕ್ಕಸಿಕ್ಕವರಿಗೆಲ್ಲ ಈ ಕಥೆ ಹೇಳಿದೆ. ಇನ್ನೊಬ್ಬನ ಬದುಕಿನ ಕಾಗದ ಹಿಡಿದಿಟ್ಟುಕೊಂಡು ಆಳುವುದು ಎಂಥ ಅನ್ಯಾಯ ಎಂದು ನರ್ಸುಗಳಿಗೆ ಉಪನ್ಯಾಸ ಕೊಟ್ಟೆ. ಶಿರಾಳಕೊಪ್ಪದ ಅಂಗಡಿ ಬೇರೆ ಫಾರ್ಮಸಿಸ್ಟ್ ಸಿಗದೆ ಮೂರು ವಾರ ಮುಚ್ಚಿತ್ತಂತೆ ಎಂದು ಕೇಳಿ ಸಿಹಿ ಹಂಚಿದವನು ನಾನು.

ಐದನೇ ವಾರ ಒಬ್ಬ ಹೆಂಗಸು ತನ್ನ ತಾಯಿಯನ್ನು ತೋಳು ಹಿಡಿದು ನಡೆಸಿಕೊಂಡು ನನ್ನ ಕಿಟಕಿಗೆ ಬಂದಳು. ತಾಯಿಯ ಬಾಯಿ ಒಂದು ಕಡೆ ಎಳೆದಿತ್ತು, ಎಡಗೈ ಜೋತುಬಿದ್ದಿತ್ತು. ಚೀಟಿಯ ಮೇಲೆ ಹೆಸರು ಓದಿದ ಮೇಲೆಯೇ ನನಗೆ ಗುರುತು ಸಿಕ್ಕಿದ್ದು. ಹಾಲಮ್ಮ. ಸೊರಬದ ಹತ್ತಿರದ ಕುಪ್ಪಗಡ್ಡೆಗೆ ಕೊಟ್ಟಿದ್ದ ಮಗಳು ಅವಳನ್ನು ತನ್ನ ಮನೆಗೆ ಕರೆದುಕೊಂಡು ಬಂದಿದ್ದಳು. ಮಗಳೇ ಹೇಳಿದಳು. ಮೂರು ಸಂತೆ ಹಾಲಮ್ಮ ಮುಚ್ಚಿದ ಷಟರಿನ ಮುಂದೆ ಖಾಲಿ ಕವರು ಹಿಡಿದು ಕೂತಿದ್ದಳಂತೆ. ಬೇರೆ ಅಂಗಡಿಯವರು ಚೀಟಿ ಕೇಳಿದರಂತೆ. “ಚೀಟಿ ತಮ್ಮನ ಹತ್ರ ಐತಿ, ಬರ್ತಾನೆ” ಎಂದಳಂತೆ. ಮಾತ್ರೆ ನಿಂತದ್ದಕ್ಕೇ ಹೀಗಾಯಿತು ಎಂದು ಡಾಕ್ಟರು ಮಗಳಿಗೆ ಬೈದು ಕಳಿಸಿದ್ದರು. ಬೈಸಿಕೊಳ್ಳಬೇಕಾದವನು ಕಿಟಕಿಯ ಒಳಗೆ ಕೂತಿದ್ದ.

ನಾನು ಕುರ್ಚಿಯಿಂದ ಎದ್ದುನಿಂತೆ. ಯಜಮಾನರು ಹಾಗೆ ಹಿಡಿದಿದ್ದರು, ಹೀಗೆ ಕಾಡಿದರು, ಹೇಳಿ ಬರುವ ಹಾಗಿರಲಿಲ್ಲ ಎಂದು ಏನೇನೋ ತೊದಲಿದೆ. ಹಾಲಮ್ಮ ಎಳೆದ ಬಾಯಲ್ಲೇ ನಿಧಾನಕ್ಕೆ ಹೇಳಿದಳು, “ಸಾಹುಕಾರಂಗೆ ಹೇಳ್ದೆ ಬಂದ್ರೆ ಬಂದೆ ಬಿಡು ತಮ್ಮಾ. ಸಂತೆ ದಿನ ನಾ ಬರ್ತೀನಿ ಅಂತ ನಿಂಗೆ ಗೊತ್ತಿತ್ತಲ್ಲ.”

ಗೊತ್ತಿತ್ತು. ಹಳೆಯ ಚಪ್ಪಲಿ ನೆನಪಾಗಿತ್ತು, ಅವಳ ಚೀಟಿ ನೆನಪಾಗಿರಲಿಲ್ಲ. ಪಂಚಾಕ್ಷರಪ್ಪನವರು ನನ್ನ ಕಾಗದವನ್ನು ಕನಿಷ್ಠ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಅವಳ ಕಾಗದವನ್ನು ನಾನು ಡ್ರಾಯರಿನಲ್ಲಿ ಹಾಕಿ ಮುಚ್ಚಿ ಬಂದಿದ್ದೆ. ಅವತ್ತಿನಿಂದ ಆ ಕಥೆಯನ್ನು ಯಾರಿಗೂ ಹೇಳಿಲ್ಲ. ನಿಮಗೇ ಮೊದಲು.

ಇದಾಗಿ ಹನ್ನೊಂದು ವರ್ಷ. ಹಾಲಮ್ಮ ತಿಂಗಳಿಗೊಮ್ಮೆ ನನ್ನ ಕಿಟಕಿಗೇ ಬರುತ್ತಾಳೆ. ಈಗ ನಾನು ಇಲ್ಲಿಂದಲೂ ಹೊರಟಿದ್ದೇನೆ. ನನ್ನ ಹೆಂಡತಿ ಶಾಲೆಯಲ್ಲಿ ಟೀಚರು, ಅವಳಿಗೆ ಹೊಸನಗರಕ್ಕೆ ವರ್ಗವಾಗಿದೆ. ಸಾಮಾನು ಕಟ್ಟುವ ಗಲಾಟೆಯಲ್ಲೇ ಮೊನ್ನೆಯ ಗಾಜು ಒಡೆದದ್ದು. ಆಸ್ಪತ್ರೆಗೆ ಒಂದು ತಿಂಗಳ ನೋಟಿಸು ಕೊಡಬೇಕಿತ್ತು, ಎರಡು ಸಾಲು ಬರೆದು ಕೊಟ್ಟೆ, ಹತ್ತು ನಿಮಿಷದ ಕೆಲಸ. ಕುಪ್ಪಗಡ್ಡೆಗೆ ಹೋಗಿ ಹೇಳಲು ಮಾತ್ರ ಹದಿನೈದು ದಿನ ಹಿಡಿಯಿತು. ಒಂದು ದಿನ ಮಳೆ, ಒಂದು ದಿನ ಬಸ್ಸು ತಪ್ಪಿತು, ಒಂದು ದಿನ ನನಗೇ ತಲೆನೋವು. ನಿಜ ಹೇಳಬೇಕೆಂದರೆ ಹೆದರಿಕೆ.

ನಿನ್ನೆ ಹೋದೆ. ಹಾಲಮ್ಮ ಜಗುಲಿಯ ಮೇಲೆ ಕೂತು ಬಲಗೈಯೊಂದರಲ್ಲೇ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಚೀಟಿಯ ಮೂರು ಜೆರಾಕ್ಸ್ ಮಾಡಿಸಿದ್ದೆ. ಒಂದು ಅವಳಿಗೆ, ಒಂದು ಮಗಳಿಗೆ ಕೊಟ್ಟೆ. ಇನ್ನೊಂದನ್ನು ನನ್ನ ಜಾಗಕ್ಕೆ ಬರುವವರ ಕೈಗೆ ಕೊಡುತ್ತೇನೆ ಎಂದೆ. ಆಮೇಲೆ ವಿಷಯ ಹೇಳಿದೆ.

“ಇನ್ನೆಷ್ಟು ದಿನ ಇರ್ತೀಯ?”

“ಹದಿನೈದು ದಿನ.”

“ಹೂಂ. ಈ ಸಲ ಹೇಳಿದ್ಯಲ್ಲ” ಎಂದಳು.

ಮಗಳು ಕೊಟ್ಟ ಚಹಾ ಕುಡಿದು ಎದ್ದೆ. ಚಪ್ಪಲಿ ಮೆಟ್ಟುತ್ತಿದ್ದಾಗ ಹಾಲಮ್ಮ ಕೇಳಿದಳು, “ಹೊಸನಗರಕ್ಕೆ ಬಸ್ಸು ಎಷ್ಟೊತ್ತಿಗೆ ಐತಿ ತಮ್ಮಾ?”

“ಇಲ್ಲಿಂದ ನೇರ ಬಸ್ಸಿಲ್ಲ ಹಾಲಮ್ಮಾ, ಬಹಳ ದೂರ. ನೀವು ಅಲ್ಲಿಗೆಲ್ಲ ಬರಬೇಡಿ, ಮಾತ್ರೆ ಸೊರಬದಲ್ಲೇ ಕೊಡ್ತಾರೆ.”

“ಮಾತ್ರೆ ಅವ್ರು ಕೊಡ್ತಾರೆ” ಎಂದಳು, ಬೆಳ್ಳುಳ್ಳಿಯಿಂದ ಕಣ್ಣು ತೆಗೆಯದೆ. “ನಾ ಕೇಳಿದ್ದು ಬಸ್ಸು.”