ನೊಣದ ತಳಿಗಳಿಗೆ ಜಾಗ ಕೇಳುತ್ತ

ದೇಹದಿಂದ ಬೇರ್ಪಟ್ಟ ಮೇಲೂ ಆ ಕರುಳು ಹಿಂಡಿಕೊಳ್ಳುತ್ತಲೇ ಇತ್ತು. ಶಿಕಾಗೋದ ಲ್ಯಾಬ್‌ನಲ್ಲಿ ಮೊದಲ ದಿನ ಸೂಕ್ಷ್ಮದರ್ಶಕದಡಿ ನಾನು ಕಂಡದ್ದು ಅದು: ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣದ ಕರುಳು, ಉಪ್ಪುನೀರಿನ ಹನಿಯಲ್ಲಿ ಒಂಟಿಯಾಗಿ.

ಮೈಸೂರಿನಲ್ಲಿ ನಾನು ಓದಿದ್ದು ರೇಷ್ಮೆಹುಳುವಿನ ಬಗ್ಗೆ. ಅದರ ಕಣ್ಣಿನ ಕೋಶದಲ್ಲೂ ರೇಷ್ಮೆಯ ಜೀನ್ ಇರುತ್ತದೆ. ನೂಲು ಬರುವುದು ಗ್ರಂಥಿಯಿಂದ ಮಾತ್ರ. ಮಿಕ್ಕೆಡೆ ಆ ಜೀನ್ ಮುಚ್ಚಿರುತ್ತದೆ. ಯಾವುದು ಎಲ್ಲಿ ತೆರೆಯಬೇಕೆಂದು ನಿರ್ಧರಿಸುವ ಡಿ.ಎನ್.ಎ. ತುಣುಕಿಗೆ ಇಲ್ಲಿ ಸ್ವಿಚ್ ಎನ್ನುತ್ತಾರೆ. ಕರುಳಿನ ಒಂದೊಂದೇ ಸ್ವಿಚ್ ಕಿತ್ತ ನೊಣದ ತಳಿಗಳನ್ನು ಕಟ್ಟುವುದರಲ್ಲಿ ನನ್ನ ಮೂರು ವರ್ಷ ಹೋಯಿತು. ಮೈಸೂರಿನಲ್ಲಿ ರೇಷ್ಮೆಯ ಮೊಟ್ಟೆಗಳನ್ನು ಶೀತಾಗಾರದಲ್ಲಿ ತಿಂಗಳುಗಟ್ಟಲೆ ಮಲಗಿಸಿಡಬಹುದು. ಇಲ್ಲಿಯ ನೊಣಗಳಿಗೆ ಆ ವಿಶ್ರಾಂತಿಯಿಲ್ಲ. ಆಗಾಗ ಹೊಸ ಶೀಶೆ, ಹೊಸ ಜೋಳದ ಗಂಜಿ. ಯಾರಾದರೂ ಸಾಕುತ್ತಲೇ ಇರಬೇಕು.

2009ರ ಚಳಿಗಾಲದಲ್ಲಿ ಅನುದಾನ ನಿಂತು ಲ್ಯಾಬ್ ಮುಚ್ಚಿತು. ನನ್ನ ವೀಸಾ ನಿಂತಿದ್ದೂ ಆ ಕೆಲಸದ ಮೇಲೆಯೇ. ಡೆಟ್ರಾಯಿಟ್ ಬಳಿಯ ಒಂದು ಲ್ಯಾಬ್‌ನವರು ತಳಿಗಳನ್ನು ತಂದರೆ ನನಗೂ ಒಂದು ವರ್ಷದ ಕೆಲಸ ಕೊಡುವುದಾಗಿ ಬರೆದರು.

ಶಿಕಾಗೋ ಹೊರವಲಯದ ವೆಸ್ಟ್‌ಮಂಟ್‌ನಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮಾಲೀಕರು ರಾಮಪ್ರಸಾದ್ ಅಂಕಲ್. ಕಾರಿನ ಬಿಡಿಭಾಗಗಳ ಎಂಜಿನಿಯರ್. ಲೇ-ಆಫ್ ಆಗಿ ಮನೆಯಲ್ಲಿದ್ದರು. ಡೆಟ್ರಾಯಿಟ್‌ವರೆಗೆ ತಾವೇ ಡ್ರೈವ್ ಮಾಡುತ್ತೇನೆಂದು ಹೊರಟರು. ನೊಣಗಳು ಚಳಿಗೆ ಸಾಯಬಾರದೆಂದು ಕಾರಿನ ಹೀಟರ್ ಜೋರಾಗಿ ಹಾಕಿದ್ದೆವು.

“ಮನೇಲಿ ನಿಮ್ಮ ಆಂಟಿ ಅರವತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಹೀಟ್ ಇಡಕ್ಕೆ ಬಿಡಲ್ಲ. ಇವಕ್ಕೆ ನೋಡಮ್ಮ, ಎಪ್ಪತ್ತೈದು,” ಎಂದರು. “ಮುಂದಿನ ಜನ್ಮಕ್ಕೆ ನೊಣ ಆಗಕ್ಕೆ ಅಪ್ಲೈ ಮಾಡಿದೀನಿ.”

ಹೊರಗಿನಿಂದ ಬಂದ ಶೀಶೆಗಳನ್ನು ಪರೀಕ್ಷಿಸದೆ ಯಾವ ಲ್ಯಾಬೂ ಒಳಗೆ ಬಿಡುವುದಿಲ್ಲ. ಡೆಟ್ರಾಯಿಟ್ ಲ್ಯಾಬ್‌ನ ಸಹಾಯಕಿ ಸೂಕ್ಷ್ಮದರ್ಶಕಕ್ಕೆ ಬಗ್ಗಿ ನೋಡಿದಳು, ಆಮೇಲೆ ನಾನೂ ನೋಡಲೆಂದು ಪಕ್ಕಕ್ಕೆ ಸರಿದಳು. ಗಂಜಿಯ ಮೇಲೆ ಬಿಳಿ ನುಸಿ ಹರಿದಾಡುತ್ತಿತ್ತು. ಮುಚ್ಚುವ ಗಡಿಬಿಡಿಯಲ್ಲಿ ಯಾರೋ ಬಿಟ್ಟುಹೋದ ಶೀಶೆಗಳಿಂದ ಹಬ್ಬಿರಬೇಕು. ನೊಣದ ಮೊಟ್ಟೆಗಳನ್ನು ತಿನ್ನುವ ಈ ನುಸಿ ಒಮ್ಮೆ ಒಳಬಂದರೆ ಅವರ ತಳಿಗಳೂ ಉಳಿಯುವುದಿಲ್ಲ. ಶುಚಿಗೊಳಿಸಲು ಪ್ರತ್ಯೇಕ ಕೋಣೆ ಬೇಕು, ನೊಣದ ಕೆಲವು ತಲೆಮಾರುಗಳಷ್ಟು ಕಾಲ ಬೇಕು. ಅವರಲ್ಲಿ ಕೋಣೆಯಿರಲಿಲ್ಲ, ನನ್ನಲ್ಲಿ ಕಾಲವಿರಲಿಲ್ಲ. ತಳಿಯಿಲ್ಲದೆ ಕೆಲಸವೂ ಇಲ್ಲವೆಂದು ಅವಳು ಮೃದುವಾಗಿ ಹೇಳಿದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನುಸಿಯೊಂದಿಗೆ ನೊಣಗಳನ್ನೂ ಕೊಲ್ಲಲು ಫ್ರೀಜರ್ ತೋರಿಸಿದಳು. ಶೀಶೆಗಳನ್ನು ನಾನೇ ಇಟ್ಟೆ.

ಹಿಂತಿರುಗುವಾಗ ನಾರ್ತ್‌ವಿಲ್‌ನಲ್ಲಿ ಪರಿಚಯದವರ ಮನೆಗೆ ಊಟಕ್ಕೆ ಹೋಗೋಣವೇ ಎಂದು ಅಂಕಲ್ ಕೇಳಿದರು. ಬೇಡವೆಂದೆ. ಆ ಊರಿಗೆ ತಿರುಗುವ ಎಕ್ಸಿಟ್ ದಾಟಿತು.

“ಹಾಗಾದ್ರೆ ಮೈಸೂರಿಗೆ ವಾಪಸ್ಸಾ?”

“ಗೊತ್ತಿಲ್ಲ ಅಂಕಲ್. ಅಲ್ಲಿ ಈ ಕೆಲಸ ಇಲ್ಲ.”

“ಇಲ್ಲೂ ಇಲ್ವಲ್ಲಮ್ಮ.”

ನಮ್ಮ ವಿದ್ಯೆಯಲ್ಲಿ ಒಂದು ಹಳೆಯ ಪ್ರಯೋಗವಿದೆ. ನೊಣದ ಮರಿಹುಳುವಿನಲ್ಲಿ ಮುಂದೆ ಕಾಲಾಗಬೇಕಾದ ಕೋಶಗಳನ್ನು ತೆಗೆದು ಇನ್ನೊಂದು ಮರಿಹುಳುವಿನ ಹೊಟ್ಟೆಯೊಳಗೆ ನೆಟ್ಟರೆ ಅವು ಹೊಟ್ಟೆಯ ಭಾಗವಾಗುವುದಿಲ್ಲ. ಯಾವ ಜೀನ್ ತೆರೆಯಬೇಕೆಂಬುದು ಆಗಲೇ ನಿಶ್ಚಯವಾಗಿರುತ್ತದೆ. ಹಿಂದಕ್ಕೆ ಕಳಿಸುವಂತೆಯೂ ಇಲ್ಲ. ಬಿಟ್ಟುಬಂದ ದೇಹ ಅವಿಲ್ಲದೆಯೇ ಬೆಳೆದಿರುತ್ತದೆ. ಹಾಗಾಗಿ ಅಲ್ಲೇ, ಕತ್ತಲಲ್ಲಿ, ಕಾಲಾಗಿಯೇ ಬೆಳೆಯುತ್ತವೆ. ಕೀಲು, ಕೂದಲು, ಉಗುರು ಎಲ್ಲ ಸರಿಯಾಗಿರುತ್ತವೆ. ಊರಲು ನೆಲವೊಂದಿರುವುದಿಲ್ಲ.