ಯಲ್ಲಾಪುರದ ಕಂಡಕ್ಟರಮ್ಮ

ರೇಣುಕಾ ಸಿದ್ದಿಯವರ ದನಿ ಬಸ್ಸಿನ ಎಂಜಿನ್ನಿಗಿಂತ ಜೋರು. ನೆಲಮಂಗಲ ಬಿಟ್ಟ ಕೂಡಲೇ ‘ಮಾದಾವರ, ಎಂಟನೇ ಮೈಲಿ, ದಾಸರಹಳ್ಳಿ...’ ಎಂದು ಅವರು ಕೂಗಿದರೆ ಪಕ್ಕದ ಲಾರಿಗಳ ಹಾರನ್ನೂ ಮಂಕಾಗುತ್ತಿತ್ತು. ಗುಂಗುರು ಕೂದಲನ್ನು ಬಿಗಿದು ಕಟ್ಟಿ, ಇಸ್ತ್ರಿ ಮಾಡಿದ ಖಾಕಿ ತೊಟ್ಟು ಬರುತ್ತಿದ್ದರು. ಯಶವಂತಪುರದ ಆಫೀಸಿಗೆ ನಾನು ನಾಲ್ಕು ವರ್ಷ ಓಡಾಡಿದ್ದು ಅವರ ಬಸ್ಸಿನಲ್ಲೇ.

ಮೊದಲ ದಿನ ಅವರ ಮುಖ ನೋಡಿ ತಡವರಿಸಿ, “ಒನ್ ಯಶವಂತಪುರ, ಪ್ಲೀಸ್” ಎಂದಿದ್ದೆ.

“ಕನ್ನಡದಲ್ಲೇ ಕೇಳಿ ಅಕ್ಕಾ. ಇಂಗ್ಲಿಷು ನಂಗೂ ಅಷ್ಟಕ್ಕಷ್ಟೇ” ಎಂದು ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ.

ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಯಲ್ಲಾಪುರದ ಕಾಡಿನಲ್ಲಿ ನೆಲೆಯೂರಿದ ಸಿದ್ದಿ ಜನರ ಮಗಳು ಅವರು. ಆದರೂ ದಿನಕ್ಕೊಬ್ಬರಾದರೂ “ಯಾವ ದೇಶಮ್ಮ ನಿಮ್ದು?” ಎನ್ನುತ್ತಿದ್ದರು. ಕೆಲವರು ಕದ್ದು ಫೋಟೊ ತೆಗೆಯುತ್ತಿದ್ದರು. “ಓಟದಲ್ಲಿ ಮೆಡಲ್ ಬಂದಿರ್ಬೇಕಲ್ಲ?” ಎಂದವರಿಗೆ ಅವರ ಉತ್ತರ ಒಂದೇ: “ಓಡೋದು ಬಸ್ಸು ಸ್ವಾಮಿ. ನಾನು ನಿಂತೇ ಇರ್ತೇನೆ.”

ಒಂದು ಬೆಳಿಗ್ಗೆ ಮಾದಾವರದಲ್ಲಿ ಆಫ್ರಿಕಾದ ಒಬ್ಬ ವಿದ್ಯಾರ್ಥಿ ಹತ್ತಿದ. ಎರಡು ಸ್ಟಾಪು ದಾಟುವಷ್ಟರಲ್ಲಿ ಹಿಂದೆ ಕೂತಿದ್ದವರೊಬ್ಬರು “ನನ್ನ ಫೋನಿಲ್ಲ!” ಎಂದು ಕೂಗಿದರು. ಎಲ್ಲರ ಕಣ್ಣೂ ಆ ವಿದ್ಯಾರ್ಥಿಯ ಮೇಲೆ ಬಿತ್ತು. ಯಾರೋ ಅವನ ಕಾಲರ್ ಹಿಡಿದೇಬಿಟ್ಟರು.

ಫೋನ್ ಕಳೆದುಕೊಂಡವರು ರೇಣುಕಾ ಅವರತ್ತ ತಿರುಗಿದರು. “ನಿಮ್ಮೋನೇ ತಾನೆ? ನೀವೇ ಕೇಳಿ, ಕೊಟ್ಬಿಡ್ಲಿ.”

ರೇಣುಕಾ ಶೀಟಿ ಊದಿ ಬಸ್ಸು ನಿಲ್ಲಿಸಿದರು. “ಈ ಬಸ್ಸಲ್ಲಿ ಟಿಕೆಟ್ ತಗೊಂಡೋರೆಲ್ಲ ನಮ್ಮೋರೇ. ಮೊದಲು ಕಾಲರ್ ಬಿಡಿ. ಚೀಲ ನೋಡೋದಾದ್ರೆ ಎಲ್ಲರದ್ದೂ ನೋಡ್ಬೇಕು. ನಂದೇ ಮೊದಲು.”

ತಮ್ಮ ಚೀಲವನ್ನು ಸೀಟಿನ ಮೇಲೆ ಸುರಿದರು: ಊಟದ ಡಬ್ಬಿ, ಬಾಚಣಿಗೆ, ಮಾತ್ರೆ ಚೀಟಿ. ನಾನು ಎದ್ದು ಹೋಗಿ ನನ್ನ ಚೀಲವನ್ನೂ ಅದರ ಪಕ್ಕ ಸುರಿದೆ. ಮೂರನೆಯವರು ಎದ್ದರು. ನಾಲ್ಕನೆಯವರು ಏಳುವ ಮೊದಲೇ ಫೋನ್ ಸಿಕ್ಕಿತು, ಕಳೆದುಕೊಂಡವರದೇ ಸೀಟಿನ ಸಂದಿಯಲ್ಲಿ.

“ಸರಿ ಬಿಡಿ, ಸಿಕ್ತಲ್ಲ” ಎಂದು ಫೋನಿನವರು ಕೂರಲು ಹೋದರು.

“ನಿಮಗೆ ಸಿಕ್ತು. ಅವನಿಗೆ?” ರೇಣುಕಾ ಕದಲಲಿಲ್ಲ. ಫೋನಿನವರು ಆ ವಿದ್ಯಾರ್ಥಿಯ ಎದುರು ನಿಂತು ಕೈಮುಗಿದು “ಸಾರಿ” ಎನ್ನುವವರೆಗೂ ಶೀಟಿ ಊದಲಿಲ್ಲ. ಆಫೀಸಿಗೆ ತಡವಾಯಿತೆಂದು ಒಬ್ಬರೂ ಗೊಣಗಲಿಲ್ಲ.

ಕಳೆದ ವರ್ಷ ಅವರಿಗೆ ಊರಿನ ಕಡೆ ವರ್ಗವಾಯಿತು. ಕೊನೆಯ ದಿನ ಯಲ್ಲಾಪುರದಿಂದ ತಮ್ಮ ಅವ್ವನನ್ನು ಕರೆಸಿಕೊಂಡಿದ್ದರು. “ಮೊದಲೆಲ್ಲ ಸೀಟು ಖಾಲಿ ಇದ್ರೂ ಅವ್ವ ಕೂರ್ತಿರಲಿಲ್ಲ ಅಕ್ಕಾ. ಪಕ್ಕದವರು ಎದ್ದು ಹೋಗ್ತಾರೆ ಅಂತ” ಎಂದು ನನ್ನ ಕಿವಿಯಲ್ಲಿ ಹೇಳಿ, ಅವ್ವನನ್ನು ಎಲ್ಲರಿಗಿಂತ ಮುಂದಿನ ಸೀಟಿಗೆ ಕರೆದೊಯ್ದರು.

“ಅವ್ವಾ, ಎಲ್ಲಿಗೆ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು.

“ನೀ ಎಲ್ಲಿಗೆ ಕರ್ಕೊಂಡು ಹೋಗ್ತಿಯೋ ಅಲ್ಲಿಗೆ.”

ಮಗಳು ಹರಿದುಕೊಟ್ಟ ಟಿಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಆ ತಾಯಿ ಕೂತರು. ನಾನು ಹೋಗಿ ಅವರ ಪಕ್ಕದಲ್ಲಿ ಕೂತೆ.