ಮಾಸ್ತರರ ಒಂದು ಸಾಲು

ನನ್ನ ಆಯ್ದ ಕವಿತೆಗಳ ಕರಡು ಮುದ್ರಣಾಲಯದಿಂದ ಬಂದು ನಾಲ್ಕು ದಿನವಾಯಿತು. ಕಟ್ಟು ಬಿಚ್ಚಿದೊಡನೆ ಶಾಯಿಯ ವಾಸನೆ, ಮೊದಲ ಪುಟದಲ್ಲೇ ಆ ಕವಿತೆ. ತೆರೆಯುತ್ತೇನೆ, ಮುಚ್ಚುತ್ತೇನೆ, ಎದ್ದು ಅಂಗಳಕ್ಕೆ ಹೋಗುತ್ತೇನೆ. ಈ ವಯಸ್ಸಿನಲ್ಲಿ ಒಂದು ಸಾಲಿಗೆ ಹೆದರುವವನನ್ನು ನೀವು ಕಂಡಿಲ್ಲವಾದರೆ, ಇದೋ, ಕಂಡುಬಿಡಿ.

‘ನೆರೆ ಇಳಿದರೂ ಗೋಡೆ ಹೊಳೆಯನ್ನೇ ಹೇಳುತ್ತದೆ.’ ಆ ಕವಿತೆಯಲ್ಲಿ ಜನ ಮೆಚ್ಚಿದ ಈ ಸಾಲು ನನ್ನದಲ್ಲ. ಎಪ್ಪತ್ತರ ದಶಕದ ಕೊನೆಗೆ ಮೂಡುಬಿದಿರೆಯಲ್ಲಿ ನನಗೆ ಪಾಠ ಹೇಳಿದ ಲಿಗೋರಿ ಮಾಸ್ತರರದು. ಪಾದ್ರಿಯಾಗಲು ಹೋಗಿ, ಲ್ಯಾಟಿನ್ ಕಲಿತು, ಪಾದ್ರಿಯಾಗದೆ ಮರಳಿದವರು ಅವರು. ಬಂಟ್ವಾಳದ ತಮ್ಮ ಮನೆಯಲ್ಲಿ, ಗೋಡೆಗೆ ಹತ್ತಿದ್ದ ನೆರೆಯ ಕೆಸರಿನ ಗೆರೆ ತೋರಿಸುತ್ತಾ ತಮ್ಮ ಪದ್ಯವನ್ನು ನನಗೊಬ್ಬನಿಗೇ ಓದಿದ್ದರು.

ಪುರಾತನ ಲ್ಯಾಟಿನ್ ಕವಿಗಳ ಬಗ್ಗೆ ಅವರು ಪಕ್ಕದ ಮನೆಯವರ ಸುದ್ದಿಯಂತೆ ಮಾತಾಡುತ್ತಿದ್ದರು. ಹಿಂದಿನವನ ಮಾತನ್ನು ಎತ್ತಿಕೊಂಡ ಕವಿ ನಡುವೆ ‘ಹೀಗೆ ಹೇಳುತ್ತಾರೆ’ ಎಂದು ಸೇರಿಸುತ್ತಾನಂತೆ. ಹೇಳಿದ್ದು ಯಾರೆಂದು ಬಲ್ಲ ಓದುಗ ಅಲ್ಲಿ ಮುಗುಳುನಗಬೇಕು.

“ಕದ್ದವ ಅಡಗಿಸ್ತಾನೆ ಮಾರಾಯ, ಕವಿ ತೋರಿಸ್ತಾನೆ. ಅಷ್ಟೇ ವ್ಯತ್ಯಾಸ ಇರುವುದು” ಎನ್ನುತ್ತಿದ್ದರು.

ನಾನು ಬುದ್ಧಿವಂತ, ಪಾಠದಲ್ಲಿ ಎತ್ತಿಕೊಳ್ಳುವ ಭಾಗವನ್ನು ಮಾತ್ರ ಕಲಿತೆ. ಆ ಸಾಲನ್ನು ಸೇರಿಸಿ ಕವಿತೆ ಬರೆದು ಕವನ ಸ್ಪರ್ಧೆಗೆ ಕಳುಹಿಸಿದೆ. ತೀರ್ಪುಗಾರರು ಅವರೇ ಎಂದು ತಿಳಿದದ್ದು ಮೊದಲ ಬಹುಮಾನ ಬಂದ ಮೇಲೆ.

“ಗೋಡೆಯ ಸಾಲು ಚಂದ ಉಂಟು” ಎಂದರು ಮಾಸ್ತರರು.

“ಹೇಗೋ ಬಂತು ಸರ್” ಎಂದೆ. ಅವರು ತಲೆಯಾಡಿಸಿದರು.

ಅಲ್ಲಿಂದ ನನಗೆ ನೆಮ್ಮದಿ ಇಲ್ಲ. ಒಂದು ಮಧ್ಯಾಹ್ನ ಬೆಳ್ತಂಗಡಿಯಲ್ಲಿ ತಾಳಮದ್ದಳೆಗೆ ಜೊತೆಯಾಗಿ ಹೋದೆವು. ಯಕ್ಷಗಾನದ ಪಾತ್ರಗಳಾಗಿ, ವೇಷವಿಲ್ಲದೆ, ಕೂತು ವಾದಿಸುವ ಕೂಟ. ಹಿರಿಯ ಅರ್ಥಧಾರಿಯ ಹೆಸರಾಂತ ಮಾತೊಂದನ್ನು ಎಳೆಯನೊಬ್ಬ ಅವರಿಗೇ ತಿರುಗಿಸಿ ಹೇಳಿದ. ಸಭೆ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಆ ಹಿರಿಯರು.

“ಅವರ ಮುಖ ನೋಡಿಯೇ ಎತ್ತಿಕೊಂಡ, ಕಂಡಿಯಾ?” ಎಂದರು ಮಾಸ್ತರರು.

ಆಗಲಾದರೂ ಹೇಳಬಹುದಿತ್ತು. “ಚಾ ಕುಡಿಯುವ ಸರ್” ಎಂದೆ.

ಮಾಸ್ತರರು ತೀರಿಹೋಗಿ ವರ್ಷಗಳಾದವು. ಇಂದು ಬೆಳಿಗ್ಗೆ ತಡೆಯಲಾರದೆ ಅವರ ಮಗಳಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ.

“ನಮಗೆ ಗೊತ್ತುಂಟು ಮಾರಾಯ್ರೆ” ಎಂದರು ಆಕೆ. “ಅಪ್ಪ ತನ್ನ ಕೈಬರಹದ ಪುಸ್ತಕದಲ್ಲಿ ಆ ಸಾಲನ್ನು ಹೊಡೆದು ಹಾಕಿದ್ದಾರೆ. ಮುಂದೆ ಯಾರಾದ್ರೂ ಅದನ್ನೂ ನಿಮ್ಮ ಕವಿತೆಯನ್ನೂ ನೋಡಿದ್ರೆ ಹುಡುಗನ ಹೆಸರು ಕೆಡ್ತದೆ ಅಂತ ಹೇಳಿದ್ರು. ಅವರದ್ದು ಬೇರೆ ಏನೂ ಅಚ್ಚಾಗ್ಲಿಲ್ಲ.”

ನಾಚಿಕೆಯಾಯಿತು, ಅಳುವೂ ಬಂತು. ಕರಡು ತೆರೆದು, ಆ ಸಾಲಿನ ಮುಂದೆ ‘ಎಂದರು ಲಿಗೋರಿ ಮಾಸ್ತರರು’ ಎಂದು ಬರೆದೆ. ಲಯ ಕೆಟ್ಟಿತು. ಹಾಗೆಯೇ ಅಚ್ಚಾಗಲಿ ಎಂದು ಬದಿಯಲ್ಲಿ ಗುರುತು ಹಾಕಿದೆ. ಅವರ ಹೆಸರಿನಲ್ಲಿ ಅಚ್ಚಾಗುವ ಮೊದಲ ಸಾಲು ಅದು. ನಲವತ್ತು ವರ್ಷ ಅದನ್ನು ತಡೆದವನು ನಾನು.